ಮೂತ್ರ ಕಟ್ಟುವುದೆಲ್ಲ ‘ಉಷ್ಣ’ವಲ್ಲ

ದೊಡ್ಡಾಸ್ಪತ್ರೆಯ ಮೂತ್ರರೋಗ ವಿಭಾಗದ ಹೊರಗೆ ಬೆಳಿಗ್ಗೆ ಹತ್ತರ ಹೊತ್ತಿಗೆಲ್ಲ ಬೆಂಚುಗಳು ಭರ್ತಿ. ಕುಳಿತವರಲ್ಲಿ ಹೆಚ್ಚಿನವರು ಅರವತ್ತು ದಾಟಿದ ಗಂಡಸರು. ‘ಪ್ರಾಸ್ಟೇಟ್ ಅಂತೆ’ ಎಂದು ಪಕ್ಕದವರಿಗೆ ಹೇಳಿಕೊಳ್ಳಲು ಅವರಿಗೆ ಅಂಥ ಸಂಕೋಚವೇನಿಲ್ಲ. ಅವರ ನಡುವೆ ಅಲ್ಲೊಬ್ಬರು, ಇಲ್ಲೊಬ್ಬರು ಹೆಂಗಸರು. ಮಡಿಲಲ್ಲಿ ದಪ್ಪನೆಯ ಪ್ಲಾಸ್ಟಿಕ್ ಕವರು. ಅದರೊಳಗೆ ನಾಲ್ಕಾರು ಲ್ಯಾಬುಗಳ ಮೂತ್ರ ಪರೀಕ್ಷೆಯ ವರದಿ, ಆಂಟಿಬಯೋಟಿಕ್ ಬರೆದ ಚೀಟಿಗಳು, ಒಂದೆರಡು ಸ್ಕ್ಯಾನಿಂಗ್. ಒಳಗೆ ಹೋದ ಮೇಲೆ ಅವರು ಹೇಳುವುದು ಬಹುಮಟ್ಟಿಗೆ ಒಂದೇ ಮಾತು: ‘ಒಂದಕ್ಕೆ ಹೋದರೆ ಪೂರ್ತಿ ಹೋದ ಹಾಗೇ ಆಗಲ್ಲ ಡಾಕ್ಟ್ರೇ. ಎದ್ದು ಬಂದ ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ಸುತ್ತೆ.’

ಈ ಮಾತು ಮನೆಯಲ್ಲಿ ಮೊದಲು ಬಂದಾಗ ಸಿಕ್ಕಿರುವ ಉತ್ತರ ‘ಉಷ್ಣ ಆಗಿದೆ’ ಎಂಬುದು. ಎಳನೀರು, ಬಾರ್ಲಿ ಗಂಜಿ, ಕೊತ್ತಂಬರಿ ಬೀಜದ ಕಷಾಯ ಆಗಿರುತ್ತದೆ. ಅದಕ್ಕೂ ಬಗ್ಗದಿದ್ದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ‘ಇನ್ಫೆಕ್ಷನ್’ ಎಂದು ಐದು ದಿನದ ಮಾತ್ರೆ. ಎಷ್ಟೋ ಸಲ ಅದು ನಿಜವಾಗಿಯೂ ಸೋಂಕೇ. ಆದರೆ ಮಾತ್ರೆ ಮುಗಿದು ತಿಂಗಳಾಗುವಷ್ಟರಲ್ಲಿ ಅದೇ ಕಥೆ ಮರುಕಳಿಸಿದರೆ, ಮೂತ್ರ ಹೊರಬರುವ ದಾರಿಯಲ್ಲೇ ತಡೆ ಇದೆಯೇ ಎಂದು ಯಾರಾದರೂ ಕೇಳಲೇಬೇಕು. ಗಂಡಸರ ವಿಷಯದಲ್ಲಿ ಮೊದಲು ಏಳುವ ಈ ಪ್ರಶ್ನೆ ಹೆಂಗಸರ ವಿಷಯದಲ್ಲಿ ಕೊನೆಗೆ ಏಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ.

ತುಂಬುವ ಕೆಲಸ, ಖಾಲಿಯಾಗುವ ಕೆಲಸ

ಮೂತ್ರಕೋಶಕ್ಕೆ ಇರುವುದು ಎರಡೇ ಕೆಲಸ. ಕಿಡ್ನಿಗಳಿಂದ ಇಳಿದು ಬರುವ ಮೂತ್ರವನ್ನು ಸದ್ದಿಲ್ಲದೆ ತುಂಬಿಕೊಳ್ಳುವುದು ಒಂದು. ಅನುಕೂಲವಾದ ಸಮಯ, ಜಾಗ ಸಿಕ್ಕಾಗ ಪೂರ್ತಿ ಖಾಲಿ ಮಾಡುವುದು ಇನ್ನೊಂದು. ಆರೋಗ್ಯವಂತರ ಮೂತ್ರಕೋಶ 400ರಿಂದ 500 ಮಿ.ಲೀ. ಹಿಡಿಯುತ್ತದೆ.

ಖಾಲಿಯಾಗುವಾಗ ಎರಡು ಸಂಗತಿ ಒಟ್ಟೊಟ್ಟಿಗೆ ನಡೆಯಬೇಕು. ಮೂತ್ರಕೋಶದ ಗೋಡೆಯ ಸ್ನಾಯು ಸಂಕುಚಿಸಿ ಒತ್ತಬೇಕು. ಅದೇ ಹೊತ್ತಿಗೆ ಕೆಳಗಿನ ಕತ್ತು, ಅದರ ಕೆಳಗೆ ಮೂತ್ರನಾಳವನ್ನು ಬಿಗಿಹಿಡಿದಿರುವ ಉಂಗುರ ಸ್ನಾಯು, ಸುತ್ತಲಿನ ಕಿಬ್ಬೊಟ್ಟೆ ತಳದ ಸ್ನಾಯುಗಳು ಸಡಿಲಬೇಕು. ಈ ಹೊಂದಾಣಿಕೆಯನ್ನು ಮಿದುಳು ಮತ್ತು ಬೆನ್ನುಹುರಿಯ ನರಗಳು ನೋಡಿಕೊಳ್ಳುತ್ತವೆ.

ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ. ಗಂಡಸರದು 20 ಸೆಂ.ಮೀ. ಆಸುಪಾಸು. ದಾರಿ ಗಿಡ್ಡ, ಪ್ರಾಸ್ಟೇಟ್ ಗ್ರಂಥಿಯ ಒತ್ತುವಿಕೆಯೂ ಇಲ್ಲ. ಹಾಗಾಗಿ ಹೆಂಗಸರಿಗೆ ಹೆಚ್ಚು ಒತ್ತಡ ಬೇಕಾಗಿಯೇ ಇಲ್ಲ. ಕೆಲವರಂತೂ ತಳದ ಸ್ನಾಯು ಸಡಿಲಿಸಿದರೆ ಸಾಕು, ಮೂತ್ರಕೋಶ ಒತ್ತಿದ್ದೇ ಗೊತ್ತಾಗದಂತೆ ಹಗುರವಾಗಿ ಮುಗಿಸಿಬಿಡುತ್ತಾರೆ. ಹೆಂಗಸರಿಗೆ ಇಂಥ ತಡೆ ಬರುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಉಳಿಯಲು ಈ ಸಲೀಸುತನವೇ ಒಂದು ಕಾರಣ. ತಡೆಯನ್ನು ಅಳೆಯುವುದು ಕಷ್ಟವಾಗಿರುವುದಕ್ಕೂ ಇದೇ ಕಾರಣ. ಅದನ್ನು ಮುಂದೆ ನೋಡೋಣ.

ತಡೆ ಬರುವ ದಾರಿಗಳು

ಕಾರಣಗಳನ್ನು ಎರಡು ಗುಂಪು ಮಾಡಬಹುದು. ಮೊದಲನೆಯದು, ಕಣ್ಣಿಗೋ ಕೈಗೋ ಸ್ಕ್ಯಾನಿಂಗಿಗೋ ಸಿಗುವ ತಡೆ. ಹೆರಿಗೆಗಳ ನಂತರ, ಮುಟ್ಟು ನಿಂತ ಮೇಲೆ ಆಧಾರದ ಅಂಗಾಂಶ ಸಡಿಲಗೊಂಡು ಗರ್ಭಕೋಶ ಅಥವಾ ಮೂತ್ರಕೋಶ ಜಾರಿದರೆ ಮೂತ್ರನಾಳ ಮಡಚಿಕೊಳ್ಳುತ್ತದೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದನ್ನು ತಡೆಯಲು ಮೂತ್ರನಾಳದ ಕೆಳಗೆ ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಆ ಪಟ್ಟಿ ಬಿಗಿಯಾದರೆ ಸೋರಿಕೆ ನಿಂತು ಕಟ್ಟುವಿಕೆ ಶುರುವಾಗುತ್ತದೆ. ಹಳೆಯ ಗಾಯ, ಸೋಂಕು, ಮತ್ತೆ ಮತ್ತೆ ಕ್ಯಾತಿಟರ್ ಹಾಕಿದ್ದರಿಂದ ನಾಳ ಕಿರಿದಾಗಬಹುದು. ನಾಳದ ಪಕ್ಕದಲ್ಲಿ ಬೆಳೆದ ಚೀಲ ಅಥವಾ ಗಂಟು, ಮೂತ್ರಕೋಶದ ಕಲ್ಲು, ಗರ್ಭಕೋಶದ ದೊಡ್ಡ ಗೆಡ್ಡೆ ಕೂಡ ಒತ್ತಬಹುದು. ಗರ್ಭಿಣಿಯರಲ್ಲಿ ಅಪರೂಪಕ್ಕೆ 12ರಿಂದ 16ನೇ ವಾರದ ಸುಮಾರಿಗೆ, ಹಿಂದಕ್ಕೆ ಬಾಗಿದ ಗರ್ಭಕೋಶ ಕಟಿಯೊಳಗೆ ಸಿಕ್ಕಿಹಾಕಿಕೊಂಡು ಇದ್ದಕ್ಕಿದ್ದಂತೆ ಮೂತ್ರ ಕಟ್ಟುವುದುಂಟು.

ಎರಡನೆಯ ಗುಂಪು ಹೆಚ್ಚು ಸೂಕ್ಷ್ಮ. ಇಲ್ಲಿ ದಾರಿ ನೋಡಲು ಸರಿಯಾಗಿಯೇ ಇರುತ್ತದೆ, ಬೇಕಾದಾಗ ತೆರೆಯುವುದಿಲ್ಲ. ಮೂತ್ರಕೋಶದ ಕತ್ತೇ ತೆರೆದುಕೊಳ್ಳದಿರುವುದು ಒಂದು ಬಗೆ. ನರಗಳು ಸರಿಯಿದ್ದರೂ, ಹೋಗುವಾಗ ಸಡಿಲಬೇಕಾದ ತಳದ ಸ್ನಾಯು ಗೊತ್ತಿಲ್ಲದೇ ಬಿಗಿಯುವ ಅಭ್ಯಾಸ ಇನ್ನೊಂದು. ಶಾಲೆಯ ದಿನಗಳಿಂದಲೇ ಗಂಟೆಗಟ್ಟಲೆ ತಡೆದುಕೊಂಡು ಬಂದವರಲ್ಲಿ ಇದು ಬೇರೂರಬಹುದು. ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರರೋಗ ಇರುವವರಲ್ಲಿ ಮೂತ್ರಕೋಶ ಒತ್ತುವಾಗಲೇ ಉಂಗುರ ಸ್ನಾಯು ಬಿಗಿಯುತ್ತದೆ.

ಲಂಡನ್ನಿನ ಕ್ಲೇರ್ ಫೌಲರ್ ಮತ್ತು ಸಂಗಡಿಗರು 1988ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ವಿವರಿಸಿದ ಮತ್ತೊಂದು ಬಗೆ ಇದೆ. ಹರೆಯದ ಹೆಣ್ಣುಮಕ್ಕಳಲ್ಲಿ ಉಂಗುರ ಸ್ನಾಯುವೇ ಸಡಿಲಲಾರದೆ, ಒಂದು ಲೀಟರಿಗೂ ಹೆಚ್ಚು ಮೂತ್ರ ತುಂಬಿದರೂ ಅವಸರವೇ ಆಗದಂಥ ಸ್ಥಿತಿ. ಅದಕ್ಕೆ ಫೌಲರ್ ಅವರದೇ ಹೆಸರು. ಅದನ್ನು ಗುರುತಿಸುವ ಮೊದಲು ಇಂಥ ಹುಡುಗಿಯರ ತೊಂದರೆಯನ್ನು ‘ಮಾನಸಿಕ’ ಎಂದು ತಳ್ಳಿಹಾಕುವುದು ಮಾಮೂಲಾಗಿತ್ತು.

ಲಕ್ಷಣಗಳು ದಾರಿ ತಪ್ಪಿಸುತ್ತವೆ

ಹರಿವು ಸಣ್ಣ, ಶುರುವಾಗಲು ಕಾಯಬೇಕು, ತಿಣುಕಬೇಕು, ನಿಂತು ನಿಂತು ಬರುತ್ತದೆ, ಮುಗಿದರೂ ಉಳಿದಂತಿದೆ. ಇವಿಷ್ಟೂ ಇದ್ದರೆ ತಡೆಯ ಅನುಮಾನ ಸಹಜವಾಗಿ ಬರುತ್ತದೆ. ಆದರೆ ಎಷ್ಟೋ ಹೆಂಗಸರು ಇದನ್ನು ಹೇಳುವುದೇ ಇಲ್ಲ. ಹರಿವು ಹೇಗಿರಬೇಕು ಎಂದು ಹೋಲಿಸಿ ನೋಡುವ ಅವಕಾಶ ಅವರಿಗೆ ಎಲ್ಲಿದೆ? ಅವರು ಹೇಳುವುದು ಪದೇ ಪದೇ ಹೋಗುವ ಕಾಟ, ತಡೆಯಲಾಗದ ಅವಸರ, ರಾತ್ರಿ ಎರಡು ಮೂರು ಸಲ ಏಳುವುದು, ಬಟ್ಟೆ ಒದ್ದೆಯಾಗುವುದು. ಮೂತ್ರಕೋಶ ಅತಿಯಾಗಿ ಚುರುಕಾದವರದೂ ಇದೇ ದೂರು, ಸೋಂಕಿನವರದೂ ಇದೇ ದೂರು.

ಇನ್ನೂ ಒಂದು ತೊಡಕು. ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳು ಮಂಕಾಗಿ ಮೂತ್ರಕೋಶದ ಸ್ನಾಯು ಸೋಲುತ್ತದೆ. ಆಗಲೂ ಹರಿವು ಸಣ್ಣದೇ, ಉಳಿಕೆಯೂ ಹೆಚ್ಚೇ. ತಡೆ ಮಾತ್ರ ಇರುವುದಿಲ್ಲ. ಹೊಲದ ತುದಿಯಲ್ಲಿ ಪೈಪಿನಿಂದ ನೀರು ಸಣ್ಣಗೆ ಬಂದರೆ ಮೋಟಾರು ಸೋತಿರಬಹುದು, ಪೈಪು ಕಟ್ಟಿರಲೂಬಹುದು. ತುದಿಯಲ್ಲಿ ನಿಂತು ನೀರನ್ನಷ್ಟೇ ನೋಡಿದವರಿಗೆ ಯಾವುದು ಎಂದು ತಿಳಿಯದು. ನೀರು ಎಷ್ಟು ಬರುತ್ತಿದೆ, ಆಗ ಒಳಗಿನ ಒತ್ತಡ ಎಷ್ಟಿದೆ ಎಂಬ ಎರಡನ್ನೂ ಒಂದೇ ಹೊತ್ತಿಗೆ ಅಳೆದರೆ ಮಾತ್ರ ಉತ್ತರ ಸಿಗುತ್ತದೆ. ಈ ರೋಗಪತ್ತೆಯ ತಿರುಳು ಇಷ್ಟೇ.

ಮೊದಲು ಕೇಳುವುದು, ನೋಡುವುದು

ಯಂತ್ರಗಳಿಗೆ ಮೊದಲು ಮಾತು. ತೊಂದರೆ ಯಾವಾಗ ಶುರುವಾಯಿತು ಎಂಬ ಒಂದೇ ಪ್ರಶ್ನೆ ಕೆಲವೊಮ್ಮೆ ಅರ್ಧ ದಾರಿ ಸವೆಸುತ್ತದೆ. ‘ಸೋರಿಕೆಗೆ ಆಪರೇಷನ್ ಆದ ಮೇಲಿಂದ’ ಎಂದರೆ ಪಟ್ಟಿಯ ಮೇಲೆ ಅನುಮಾನ. ‘ಕೆಳಗೆ ಏನೋ ಜಾರಿ ಬಂದ ಹಾಗಿದೆ, ಬೆರಳಿಂದ ಮೇಲೆ ಒತ್ತಿಕೊಂಡರೆ ಸಲೀಸಾಗಿ ಹೋಗುತ್ತೆ’ ಎಂದರೆ ಕಾರಣ ಬಹುಮಟ್ಟಿಗೆ ಅಲ್ಲೇ ಇದೆ. ಆದರೆ ಈ ಎರಡನೆಯ ಮಾತನ್ನು ಕೇಳದೇ ಯಾರೂ ಹೇಳುವುದಿಲ್ಲ.

ಮಾತ್ರೆಗಳ ಪಟ್ಟಿಯೂ ಮುಖ್ಯ. ನೆಗಡಿಯ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಹಳೆಯ ಔಷಧಗಳು, ಬಲವಾದ ನೋವು ನಿವಾರಕಗಳು ಮೂತ್ರ ಕಟ್ಟಿಸಬಲ್ಲವು. ಮಲಬದ್ಧತೆಯೂ ಅಷ್ಟೇ.

ಮೂರು ದಿನದ ಮೂತ್ರದ ಲೆಕ್ಕ ಬರೆದು ತರುವಂತೆ ಹೇಳುತ್ತಾರೆ. ಎಷ್ಟು ಹೊತ್ತಿಗೆ ಹೋದಿರಿ, ಅಳತೆಯ ಲೋಟದಲ್ಲಿ ಎಷ್ಟಾಯಿತು, ಎಷ್ಟು ಕುಡಿದಿರಿ, ಸೋರಿತೇ, ಇಷ್ಟೇ. ದಿನಕ್ಕೆ ಮೂರು ಲೀಟರ್ ಕುಡಿದು ಹದಿನೈದು ಸಲ ಹೋಗುವವರಿಗೂ, ಪ್ರತಿ ಸಲ ಐವತ್ತು ಮಿ.ಲೀ. ಹೋಗಿ ಹದಿನೈದು ಸಲ ಏಳುವವರಿಗೂ ಇರುವ ಅಂತರ ಆ ಹಾಳೆಯ ಮೇಲೆ ಎದ್ದು ಕಾಣುತ್ತದೆ.

ಆಮೇಲೆ ಕೆಳಭಾಗದ ಪರೀಕ್ಷೆ. ಗರ್ಭಕೋಶ ಜಾರಿದೆಯೇ, ಮೂತ್ರದ್ವಾರ ಕಿರಿದಾಗಿದೆಯೇ, ಪಕ್ಕದಲ್ಲಿ ಗಂಟಿದೆಯೇ ಎಂದು ತಜ್ಞರು ಕೈಯಿಂದಲೇ ತಿಳಿಯಬಹುದು. ಇದನ್ನು ಬಿಟ್ಟು ನೇರ ಸ್ಕ್ಯಾನಿಂಗಿಗೆ ಹೋದರೆ ಕಣ್ಣೆದುರಿನ ಕಾರಣವೇ ತಪ್ಪಿಹೋಗಬಹುದು.

ಹರಿವಿನ ಗೆರೆ ಹೇಳುವ ಕಥೆ

ಮುಂದಿನದು ಯೂರೋಫ್ಲೋಮೆಟ್ರಿ. ನೋವಿಲ್ಲ, ಚುಚ್ಚುವುದಿಲ್ಲ. ಕುಳಿತುಕೊಳ್ಳುವ ಕುರ್ಚಿಯ ಕೆಳಗೆ ಆಲಿಕೆ, ಅದರ ಕೆಳಗೆ ತೂಕ ಅಳೆಯುವ ಸಾಧನ. ಬಾಗಿಲು ಹಾಕಿಕೊಂಡು ಎಂದಿನಂತೆ ಹೋದರಾಯಿತು. ಸೆಕೆಂಡಿಗೆ ಎಷ್ಟು ಮಿ.ಲೀ. ಎಂದು ಯಂತ್ರ ಗೆರೆ ಎಳೆಯುತ್ತದೆ. ಸರಿಯಿದ್ದರೆ ಗೆರೆ ಸರಸರನೆ ಏರಿ, ದುಂಡಗೆ ಇಳಿಯುತ್ತದೆ. ನಾಳ ಕಿರಿದಾಗಿದ್ದರೆ ತುಸು ಏರಿ, ಉದ್ದಕ್ಕೂ ಚಪ್ಪಟೆಯಾಗಿ ಸಾಗುತ್ತದೆ. ತಳದ ಸ್ನಾಯು ಬಿಗಿದು ಬಿಟ್ಟು ಮಾಡುತ್ತಿದ್ದರೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ.

ಪರೀಕ್ಷೆಗೆ ಕನಿಷ್ಠ 150 ಮಿ.ಲೀ. ಆದರೂ ಹೋಗಬೇಕು. ಅದಕ್ಕಿಂತ ಕಡಿಮೆಯಾದರೆ ಗೆರೆಯನ್ನು ನಂಬುವಂತಿಲ್ಲ. ಹೊರಗೆ ಜನ ಕಾಯುತ್ತಿದ್ದಾರೆ ಎಂಬ ಸಂಕೋಚದಲ್ಲಿ ಹರಿವು ಕುಗ್ಗುವುದೂ ಮಾಮೂಲು. ಹಾಗಾಗಿ ಒಂದೇ ಗೆರೆಯನ್ನು ನೋಡಿ ತೀರ್ಮಾನಿಸದೆ ಮತ್ತೊಮ್ಮೆ ಮಾಡಿಸುತ್ತಾರೆ.

ಎದ್ದ ಕೂಡಲೇ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಮಾಡಿ ಒಳಗೆ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. 50 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ. ಸಲಸಲಕ್ಕೂ 100–150 ದಾಟುತ್ತಿದ್ದರೆ ಮುಂದಿನ ಹೆಜ್ಜೆ ಬೇಕು. ಇಲ್ಲೊಂದು ಎಚ್ಚರ: ಸ್ಕ್ಯಾನಿಂಗ್ ಕೇಂದ್ರದಲ್ಲಿ ನೀರು ಕುಡಿಸಿ ಕುಡಿಸಿ, ಉಬ್ಬಿ ನೋಯುವಷ್ಟು ತುಂಬಿಸಿದ ಮೇಲೆ ಹೋಗಿಬಂದರೆ ಸರಿಯಿದ್ದವರಲ್ಲೂ ಉಳಿಕೆ ಹೆಚ್ಚು ಕಾಣಬಹುದು. ವರದಿಯ ಆ ಅಂಕಿಯನ್ನು ಕಂಡು ಗಾಬರಿಯಾಗುವ ಮೊದಲು, ಸಹಜವಾಗಿ ಅವಸರವಾದಾಗ ಹೋಗಿ ಮತ್ತೊಮ್ಮೆ ನೋಡಿಸುವುದು ಒಳ್ಳೆಯದು.

ಒತ್ತಡ ಅಳೆಯುವ ಕೋಣೆ

ಹರಿವು ಸಣ್ಣ, ಉಳಿಕೆ ಹೆಚ್ಚು ಎಂಬಲ್ಲಿಗೆ ಬಂದರೂ ಸ್ನಾಯು ಸೋತಿದೆಯೋ ದಾರಿ ಕಟ್ಟಿದೆಯೋ ಇನ್ನೂ ಗೊತ್ತಿಲ್ಲ. ಅದಕ್ಕೇ ಯೂರೋಡೈನಾಮಿಕ್ಸ್. ಕಾರಣ ಮೇಲ್ನೋಟಕ್ಕೇ ಸ್ಪಷ್ಟವಿರುವ ಎಲ್ಲರಿಗೂ ಇದು ಬೇಕಿಲ್ಲ. ಗೊಂದಲ ಉಳಿದವರಿಗೆ, ಆಪರೇಷನ್ನಿನ ಯೋಚನೆ ಇರುವವರಿಗೆ ಬೇಕು.

ಮೂತ್ರದಲ್ಲಿ ಸೋಂಕಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಸುಮಾರು 2 ಮಿ.ಮೀ. ದಪ್ಪದ ಮೆತ್ತನೆಯ ನಳಿಕೆಯನ್ನು ಮೂತ್ರಕೋಶಕ್ಕೆ ಇಳಿಸುತ್ತಾರೆ. ಅಂಥದ್ದೇ ಇನ್ನೊಂದನ್ನು ಗುದದ್ವಾರದಲ್ಲಿ ಇಡುತ್ತಾರೆ. ಎರಡನೆಯದು ಏಕೆಂದು ಹಲವರಿಗೆ ಅಚ್ಚರಿ. ಮೂತ್ರಕೋಶದೊಳಗಿನ ಒತ್ತಡದಲ್ಲಿ ಎರಡು ಪಾಲಿದೆ: ಸ್ನಾಯುವಿನದು ಒಂದು, ಹೊಟ್ಟೆಯಿಂದ ತಿಣುಕುವುದರದು ಇನ್ನೊಂದು. ಹೊಟ್ಟೆಯ ಒತ್ತಡವನ್ನು ಬೇರೆಯಾಗಿ ಅಳೆದು ಕಳೆದರೆ ಸ್ನಾಯುವಿನ ಸ್ವಂತ ದುಡಿಮೆ ಎಷ್ಟೆಂದು ಉಳಿಯುತ್ತದೆ.

‘ಒಮ್ಮೆ ಕೆಮ್ಮಿ ಅಮ್ಮಾ’ ಎನ್ನುತ್ತಾರೆ ತಂತ್ರಜ್ಞೆ. ಪರದೆಯ ಮೇಲೆ ಎರಡೂ ಗೆರೆಗಳು ಒಟ್ಟಿಗೆ ಜಿಗಿದರೆ ನಳಿಕೆಗಳು ಸರಿ ಕುಳಿತಿವೆ ಎಂದರ್ಥ. ಆಮೇಲೆ ಸಲೈನ್ ನಿಧಾನವಾಗಿ ಒಳಗಿಳಿಯುತ್ತದೆ. ಮೊದಲು ಅರಿವಾದದ್ದು ಯಾವಾಗ, ಹೋಗಬೇಕು ಅನ್ನಿಸಿದ್ದು ಯಾವಾಗ, ಇನ್ನು ತಡೆಯಲಾರೆ ಎಂಬ ಘಟ್ಟ ಯಾವುದು, ಒಂದೊಂದನ್ನೂ ಕೇಳಿ ಗುರುತು ಹಾಕುತ್ತಾರೆ. ಕೊನೆಗೆ ನಳಿಕೆಗಳು ಇರುವಂತೆಯೇ ಆಲಿಕೆಯ ಕುರ್ಚಿಯ ಮೇಲೆ ಹೋಗಬೇಕು. ಒತ್ತಡ ಮತ್ತು ಹರಿವು ಅಕ್ಕಪಕ್ಕದಲ್ಲಿ ದಾಖಲಾಗುತ್ತವೆ.

ಇದು ಮುಜುಗರದ ಪರೀಕ್ಷೆಯೇ. ಅಪರಿಚಿತರ ಎದುರು, ನಳಿಕೆ ಇಟ್ಟುಕೊಂಡು ಒಂದಕ್ಕೆ ಹೋಗು ಎಂದರೆ ಎಷ್ಟೋ ಜನರಿಗೆ ಬರುವುದೇ ಇಲ್ಲ. ನಳಿಕೆ ನಾಳದಲ್ಲಿ ಇದ್ದಷ್ಟೂ ಹೊತ್ತು ಹರಿವಿಗೆ ಅದೂ ಒಂದು ಅಡ್ಡಿಯೇ. ಅದಕ್ಕಾಗಿಯೇ ನಳಿಕೆ ಇಲ್ಲದೆ ಮಾಡಿದ ಮೊದಲಿನ ಗೆರೆಯನ್ನು ಪಕ್ಕದಲ್ಲಿಟ್ಟು ಓದುತ್ತಾರೆ. ಪರದೆ ಎಳೆದು, ಕೋಣೆಯಲ್ಲಿ ಜನ ಕಡಿಮೆ ಮಾಡಿ, ನಲ್ಲಿ ತಿರುಗಿಸಿಟ್ಟು ಸಮಯ ಕೊಡುವ ಸಿಬ್ಬಂದಿ ಇದ್ದರೆ ಫಲಿತಾಂಶವೂ ನಂಬುವಂತಿರುತ್ತದೆ. ಗರ್ಭಕೋಶ ಜಾರಿದವರಿಗೆ ಅದನ್ನು ಮೇಲಕ್ಕೆ ಎತ್ತಿಟ್ಟು ಮತ್ತೊಮ್ಮೆ ಮಾಡಿದರೆ ತಡೆಗೆ ಅದೇ ಕಾರಣವೋ ಅಲ್ಲವೋ ಬಯಲಾಗುತ್ತದೆ.

ಗಂಡಸರ ಲೆಕ್ಕ ಇಲ್ಲಿ ನಡೆಯದು

ಒತ್ತಡ ಹೆಚ್ಚು, ಹರಿವು ಕಡಿಮೆ ಎಂದರೆ ತಡೆ. ಎರಡೂ ಕಡಿಮೆ ಎಂದರೆ ಸೋತ ಸ್ನಾಯು. ಸೂತ್ರ ಸರಳ. ಆದರೆ ‘ಹೆಚ್ಚು’ ಎಂದರೆ ಎಷ್ಟು? ಗಂಡಸರಿಗೆ ಒಪ್ಪಿತವಾದ ಲೆಕ್ಕ ಇದೆ: ಹರಿವು ಗರಿಷ್ಠವಿದ್ದಾಗಿನ ಒತ್ತಡದಿಂದ ಆ ಹರಿವಿನ ಎರಡರಷ್ಟನ್ನು ಕಳೆದು ಉಳಿದದ್ದು 40 ದಾಟಿದರೆ ತಡೆ ಇದೆ. ಕಡಿಮೆ ಒತ್ತಡದಲ್ಲೇ ಕೆಲಸ ಮುಗಿಸುವ ಹೆಂಗಸರಿಗೆ ಈ ಅಳತೆಗೋಲು ಹಿಡಿದರೆ ತಡೆ ಇದ್ದವರೂ ‘ಸರಿಯಿದ್ದಾರೆ’ ಎಂಬ ಗುಂಪಿಗೆ ಸೇರುತ್ತಾರೆ.

ಅಂಕಿಗಳಿಗೆ ಜೋತುಬೀಳದೆ, ಒತ್ತಡದ ಜೊತೆಗೆ ಎಕ್ಸ್-ರೇ ಚಿತ್ರದಲ್ಲಿ ತಡೆಯ ಜಾಗ ಕಾಣಬೇಕು ಎಂದರು ನ್ಯೂಯಾರ್ಕಿನ ವಿಕ್ಟರ್ ನಿಟ್ಟಿ ಮತ್ತು ಸಂಗಡಿಗರು, 1999ರಲ್ಲಿ. ಮರುವರ್ಷವೇ ಜೆರ್ರಿ ಬ್ಲೈವಾಸ್ ಮತ್ತು ಅಸ್ನಾತ್ ಗ್ರೌಟ್ಸ್ ಹೆಂಗಸರಿಗೆಂದೇ ಒಂದು ನಕ್ಷೆ ರೂಪಿಸಿದರು. ಅದು ಅಗತ್ಯಕ್ಕಿಂತ ಹೆಚ್ಚು ಜನರಲ್ಲಿ ತಡೆ ತೋರಿಸುತ್ತದೆ ಎಂಬ ಟೀಕೆ ಬಂತು. 2018ರಲ್ಲಿ ಲಂಡನ್ನಿನ ಎಸ್ಕಿಂಡರ್ ಸಾಲೊಮನ್, ತಾಮ್ಸಿನ್ ಗ್ರೀನ್‌ವೆಲ್ ಮತ್ತಿತರರು ಮುಂದಿಟ್ಟ ಲೆಕ್ಕ ಈಗ ಹೆಚ್ಚು ಚಾಲ್ತಿಯಲ್ಲಿದೆ. ಅದರಲ್ಲಿ ಹರಿವಿನ 2.2ರಷ್ಟನ್ನು ಒತ್ತಡದಿಂದ ಕಳೆಯುತ್ತಾರೆ. ಉತ್ತರ ಸೊನ್ನೆಗಿಂತ ಕೆಳಗಿದ್ದರೆ ತಡೆಯ ಸಾಧ್ಯತೆ ಶೇ 10ಕ್ಕಿಂತ ಕಡಿಮೆ. 18 ದಾಟಿದರೆ ಶೇ 90ಕ್ಕಿಂತ ಹೆಚ್ಚು.

ಉದಾಹರಣೆಗೆ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರ ಹರಿವೂ ಸೆಕೆಂಡಿಗೆ 8 ಮಿ.ಲೀ. ಒಬ್ಬರ ಒತ್ತಡ 40 ಸೆಂ.ಮೀ. ನೀರಿನಷ್ಟು, ಇನ್ನೊಬ್ಬರದು 12. ಮೊದಲನೆಯವರ ಉತ್ತರ 22.4, ತಡೆ ಬಹುತೇಕ ಖಚಿತ. ಎರಡನೆಯವರದು ಸೊನ್ನೆಗಿಂತ 5.6 ಕೆಳಗೆ, ತೊಂದರೆ ಸ್ನಾಯುವಿನದು. ಮೊದಲನೆಯವರಿಗೆ ಗಂಡಸರ ಲೆಕ್ಕ ಹಾಕಿದ್ದರೆ ಬರುತ್ತಿದ್ದದ್ದು 24. ಆ ಲೆಕ್ಕದಲ್ಲಿ ಅದು ‘ಹೇಳಲಾಗದು’ ಎಂಬ ಅಂಕಿ.

ಮೂತ್ರದ ತೊಂದರೆಗೆಂದು ತಪಾಸಣೆಗೆ ಬಂದ ಹೆಂಗಸರಲ್ಲಿ ಇಂಥ ತಡೆ ಇರುವವರ ಪ್ರಮಾಣ ಶೇ 2.7ರಿಂದ ಶೇ 29ರವರೆಗೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುವುದಕ್ಕೆ ಅಳತೆಗೋಲುಗಳ ಈ ವ್ಯತ್ಯಾಸವೂ ಕಾರಣ.

ತಡೆ ಎಲ್ಲಿದೆ?

ತಡೆ ಇದೆ ಎಂದಾದ ಮೇಲೆ ಜಾಗ ಹುಡುಕಬೇಕು. ಸಲೈನ್ ಬದಲು ಎಕ್ಸ್-ರೇಯಲ್ಲಿ ಕಾಣುವ ದ್ರವ ತುಂಬಿ, ಹೋಗುತ್ತಿರುವಾಗಲೇ ಚಿತ್ರ ತೆಗೆಯುವ ವಿಡಿಯೊ ಯೂರೋಡೈನಾಮಿಕ್ಸ್ ಇದಕ್ಕೆ ಅತ್ಯುತ್ತಮ. ತಳದ ಸ್ನಾಯುಗಳ ಮೇಲೆ ಪಟ್ಟಿ ಅಂಟಿಸಿ ಅವುಗಳ ವಿದ್ಯುತ್ ಸಂಕೇತವನ್ನೂ ದಾಖಲಿಸುತ್ತಾರೆ. ಸ್ನಾಯು ಸುಮ್ಮನಿದೆ, ಮೂತ್ರಕೋಶ ಜೋರಾಗಿ ಒತ್ತುತ್ತಿದೆ, ಆದರೂ ಕತ್ತು ತೆರೆದಿಲ್ಲ ಎಂದರೆ ತೊಂದರೆ ಕತ್ತಿನದು. ಕತ್ತು ತೆರೆದಿದೆ, ಕೆಳಗಿನ ಸ್ನಾಯು ಗಲಾಟೆ ಮಾಡುತ್ತಿದೆ ಎಂದರೆ ಬಿಗಿಯುವ ಅಭ್ಯಾಸ ಅಥವಾ ನರದ ತೊಂದರೆ.

ದುರ್ಬೀನು ಹಾಕಿ ನೋಡುವ ಸಿಸ್ಟೋಸ್ಕೋಪಿ ಕಿರಿದಾದ ನಾಳ, ಕಲ್ಲು, ಗಡ್ಡೆಗಳನ್ನು ತೋರಿಸುತ್ತದೆ. ಒತ್ತಡ ಎಷ್ಟೆಂದು ಅದು ಹೇಳಲಾರದು. ನಾಳದ ಪಕ್ಕದ ಚೀಲ ಹುಡುಕಲು ಎಂಆರ್‌ಐ ಒಳ್ಳೆಯದು. ವಿಡಿಯೊ ಪರೀಕ್ಷೆ ದೊಡ್ಡ ಕೇಂದ್ರಗಳಿಗಷ್ಟೇ ಸೀಮಿತ. ಆದರೆ ಹರಿವಿನ ಗೆರೆ ಮತ್ತು ಉಳಿಕೆಯ ಸ್ಕ್ಯಾನಿಂಗ್‌ಗೆ ಅಷ್ಟು ದೂರ ಹೋಗಬೇಕಿಲ್ಲ. ಮೂತ್ರರೋಗ ತಜ್ಞರಿರುವ ಹೆಚ್ಚಿನ ಆಸ್ಪತ್ರೆಗಳಲ್ಲಿ ಅವು ಸಿಗುತ್ತವೆ.

ಗುರಿ ತಪ್ಪಿದ ಚಿಕಿತ್ಸೆಯ ಬೆಲೆ

ಕಾರಣಕ್ಕೆ ತಕ್ಕಂತೆ ಚಿಕಿತ್ಸೆ ಬೇರೆ ಬೇರೆ. ಬಿಗಿದ ಪಟ್ಟಿಯನ್ನು ಕತ್ತರಿಸುವುದು, ಜಾರಿದ ಗರ್ಭಕೋಶಕ್ಕೆ ಉಂಗುರ ಅಥವಾ ಶಸ್ತ್ರಚಿಕಿತ್ಸೆ, ಬಿಗಿಯುವ ಸ್ನಾಯುವಿಗೆ ಫಿಸಿಯೋಥೆರಪಿಸ್ಟ್ ಕಲಿಸುವ ಸಡಿಲಿಕೆಯ ಅಭ್ಯಾಸ, ಕತ್ತಿನ ತೊಂದರೆಗೆ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಸಣ್ಣ ಛೇದನ, ಫೌಲರ್ ತೊಂದರೆಗೆ ಬೆನ್ನಿನ ಕೆಳಭಾಗದ ನರಕ್ಕೆ ವಿದ್ಯುತ್ ಪ್ರಚೋದನೆ. ಒಂದರ ಮದ್ದು ಇನ್ನೊಂದಕ್ಕೆ ನಡೆಯದು. ತಡೆ ಇರುವವರಿಗೆ ‘ಅವಸರ’ದ ಮಾತ್ರೆ ಕೊಟ್ಟರೆ ಸ್ನಾಯು ಇನ್ನಷ್ಟು ಸಡಿಲವಾಗಿ ಮೂತ್ರ ಪೂರ್ತಿ ಕಟ್ಟಬಹುದು. ಸೋತ ಸ್ನಾಯುವಿನವರ ಕತ್ತು ಕತ್ತರಿಸಿದರೆ ಸಿಗುವುದು ಸೋರಿಕೆ.

ನಮ್ಮಲ್ಲಿ ಬೇಗ ಕೈಹಾಕುವ ಉಪಾಯವೆಂದರೆ ಡೈಲೇಶನ್, ಅಂದರೆ ಸಲಾಕೆ ಹಾಕಿ ನಾಳ ಅಗಲಿಸುವುದು. ನಾಳ ನಿಜವಾಗಿ ಕಿರಿದಾಗಿದ್ದರೆ ಅದಕ್ಕೊಂದು ಸ್ಥಾನವಿದೆ. ಏನೂ ಅಳೆಯದೆ, ಆರು ತಿಂಗಳಿಗೊಮ್ಮೆ ಬಂದು ಮಾಡಿಸಿಕೊಳ್ಳಿ ಎನ್ನುವುದಕ್ಕೆ ಆಧಾರ ಬಲು ತೆಳು. ಪ್ರತಿ ಸಲದ ಗಾಯ ಮಾಯುವಾಗ ಕಲೆ ಉಳಿದು, ಇಲ್ಲದ ಕಿರಿದಾಗುವಿಕೆ ಹುಟ್ಟಿಕೊಳ್ಳಬಹುದು.

ತಡೆಯನ್ನು ಹಾಗೇ ಬಿಟ್ಟರೂ ಕಷ್ಟ. ಉಳಿದ ಮೂತ್ರದಲ್ಲಿ ಸೋಂಕು ಮನೆ ಮಾಡುತ್ತದೆ, ಕಲ್ಲು ಕಟ್ಟುತ್ತದೆ. ಒತ್ತಡ ಮೇಲಕ್ಕೇರಿ ಕಿಡ್ನಿಗಳು ಊದಿಕೊಳ್ಳಬಹುದು. ವರ್ಷಗಟ್ಟಲೆ ಹೆಣಗಿದ ಮೂತ್ರಕೋಶದ ಸ್ನಾಯು ಕೊನೆಗೆ ಕೈಚೆಲ್ಲಿದರೆ, ಆಮೇಲೆ ತಡೆ ತೆಗೆದರೂ ಅದು ಚೇತರಿಸಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ.

ಯಾವಾಗ ಹೋಗಬೇಕು, ಏನು ಕೇಳಬೇಕು

ಮೂತ್ರ ಪೂರ್ತಿ ನಿಂತು ಕಿಬ್ಬೊಟ್ಟೆ ಉಬ್ಬಿದರೆ, ಜ್ವರ ಚಳಿಯೊಂದಿಗೆ ಪಕ್ಕೆ ನೋವು ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಕಾಲುಗಳಲ್ಲಿ ಶಕ್ತಿ ಕುಂದಿ ಜೊತೆಗೆ ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಷಾಯಕ್ಕೆ ಅಲ್ಲಿ ಜಾಗವಿಲ್ಲ.

ಆರು ತಿಂಗಳಲ್ಲಿ ಎರಡು ಸಲ, ವರ್ಷದಲ್ಲಿ ಮೂರು ಸಲ ಮೂತ್ರದ ಸೋಂಕಾದರೆ, ಅಥವಾ ಕಲ್ಚರ್ ವರದಿಯಲ್ಲಿ ಏನೂ ಬೆಳೆಯದಿದ್ದರೂ ಆಂಟಿಬಯೋಟಿಕ್ ಮುಂದುವರಿಯುತ್ತಿದ್ದರೆ, ವೈದ್ಯರ ಮುಂದೆ ಎರಡು ಪ್ರಶ್ನೆ ಇಡಿ: ‘ಒಂದಕ್ಕೆ ಹೋದ ಮೇಲೆ ಒಳಗೆ ಎಷ್ಟು ಉಳಿಯುತ್ತಿದೆ? ನನ್ನ ಹರಿವು ಹೇಗಿದೆ?’ ಡೈಲೇಶನ್ ಮಾಡಿಸಿಕೊಳ್ಳಿ ಎಂದವರ ಬಳಿ ಮೂರನೆಯದನ್ನೂ ಕೇಳಿ: ‘ನಾಳ ಕಿರಿದಾಗಿದೆ ಎಂದು ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?’ ಮೂರು ದಿನದ ಮೂತ್ರದ ಲೆಕ್ಕ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಹಿಂದಿನ ಆಪರೇಷನ್ನುಗಳ ಕಾಗದ ಜೊತೆಗಿರಲಿ. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸಿಗಲು ಒಂದು ಸ್ಕ್ಯಾನಿಂಗ್, ಒಂದು ಆಲಿಕೆಯ ಕುರ್ಚಿ, ಅರ್ಧ ದಿನ ಸಾಕು. ಮುಂದಿನ ಆಂಟಿಬಯೋಟಿಕ್ ಚೀಟಿಗಿಂತ ಮೊದಲು ಅದಾಗಲಿ.